ಪುಕ್ಕಟೆ ತಂತ್ರಾಂಶ ತಪ್ಪು ಲೆಕ್ಕ ಕೊಡುತ್ತಿದೆಯೇ? ಪ್ಲಾಸ್ಮಾ ಸಿಮ್ಯುಲೇಶನ್ ಮಾಡುವ ವಿದ್ಯಾರ್ಥಿನಿಗೆ ಉತ್ತರ

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವಳು, ಭೌತಶಾಸ್ತ್ರ ಎಂ.ಎಸ್ಸಿ. ಕೊನೆಯ ವರ್ಷ. ಪ್ಲಾಸ್ಮಾದೊಳಗೆ (ಎಲೆಕ್ಟ್ರಾನ್, ಅಯಾನ್‌ಗಳಾಗಿ ಬಿಡಿಬಿಡಿಯಾದ ಅನಿಲ) ಎಲೆಕ್ಟ್ರಾನ್ ಬೀಮ್ ಹಾದುಹೋದರೆ ಏನಾಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಸಿಮ್ಯುಲೇಟ್ ಮಾಡುವುದು ನನ್ನ ಪ್ರಾಜೆಕ್ಟ್. ಎಪಾಕ್ ಎಂಬ ಓಪನ್ ಸೋರ್ಸ್ ತಂತ್ರಾಂಶ ಹಾಕಿಕೊಂಡಿದ್ದೇನೆ. ಲ್ಯಾಪ್‌ಟಾಪಿನಲ್ಲಿ 8 ಕೋರ್, 16 ಜಿಬಿ ಮೆಮೊರಿ ಇದೆ. 10 ಸೆಂ.ಮೀ. ಚೌಕದ 2ಡಿ ಪೆಟ್ಟಿಗೆ, 1000 × 1000 ಗ್ರಿಡ್, ನಾಲ್ಕೂ ಕಡೆ ಪೀರಿಯಾಡಿಕ್ ಗಡಿ, ಪ್ರತಿ ಕೋಶಕ್ಕೆ 50 ಎಲೆಕ್ಟ್ರಾನ್ 50 ಅಯಾನ್. ಸಾಂದ್ರತೆ ಘನ ಮೀಟರಿಗೆ 10¹⁸, ತಾಪಮಾನ 1 ಎಲೆಕ್ಟ್ರಾನ್ ವೋಲ್ಟ್ (ಕಣದ ಶಕ್ತಿಯ ಅಳತೆ). ಬೀಮ್‌ನ ವೇಗ ಬೆಳಕಿನ ವೇಗದ ಹತ್ತನೇ ಒಂದು, ಸಾಂದ್ರತೆ ಪ್ಲಾಸ್ಮಾದ 1%. ಒಂದು ರನ್ನಿಗೆ ಒಂದೂವರೆ ದಿನ ಹಿಡಿಯುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಅಷ್ಟು ಹೊತ್ತು ಕರೆಂಟ್ ಇರುವುದೇ ಇಲ್ಲ, ಎಷ್ಟೋ ಸಲ ಮೊದಲಿಂದ ಶುರು ಮಾಡಿದ್ದೇನೆ. ಕೊನೆಗೂ ಮುಗಿದ ರನ್‌ನಲ್ಲಿ ಪ್ಲಾಸ್ಮಾ ಹೆಚ್ಚುಕಡಿಮೆ 20 ಎಲೆಕ್ಟ್ರಾನ್ ವೋಲ್ಟಿಗೆ ಬಿಸಿಯಾಗಿದೆ. ಅದನ್ನೇ ಫಲಿತಾಂಶ ಎಂದು ಬರೆಯೋಣ ಅಂದುಕೊಂಡೆ. ಆದರೆ ಒಟ್ಟು ಶಕ್ತಿ ಶುರುವಿನ ಒಂದೂವರೆ ಪಟ್ಟಾಗಿದೆ! "ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಇನ್ನೇನು ಕೊಡುತ್ತದೆ" ಎಂದು ಸೀನಿಯರ್ ಒಬ್ಬರು ನಕ್ಕರು. ಮೈಸೂರಿನ ಅಂಗಡಿಯೊಂದರಲ್ಲಿ ಮೂರು ಲಕ್ಷದ ಜಿಪಿಯು ವರ್ಕ್‌ಸ್ಟೇಷನ್ ಇದ್ದರೆ ಎಲ್ಲ ಸರಿಹೋಗುತ್ತದೆ ಎಂದರು. ಈ ಸಲ ಕಾಫಿಗೆ ರೇಟು ಇದೆ, ಬೇಕಾದರೆ ತೆಗೆಸಿಕೊಡುತ್ತೇನೆ ಎಂದು ಅಪ್ಪ ಹೇಳುತ್ತಿದ್ದಾರೆ. ತಂತ್ರಾಂಶ ಬದಲಿಸಲೇ, ಮಿಷನ್ ಕೊಳ್ಳಲೇ, ಪ್ರಾಜೆಕ್ಟನ್ನೇ ಬಿಡಲೇ? ಇದನ್ನು ಓದಿದರೆ ಮುಂದೆ ಕೆಲಸ ಸಿಗುತ್ತದೆಯೇ ಎಂಬುದು ಅಪ್ಪನ ಪ್ರಶ್ನೆ.

ಉತ್ತರ: ಮಿಷನ್ ಈಗ ಕೊಳ್ಳಬೇಡಿ. ಪ್ರಾಜೆಕ್ಟ್ ಬಿಡುವ ಅಗತ್ಯವೂ ಇಲ್ಲ. ಕೇಳಿದ್ದಕ್ಕಿಂತ ಹೆಚ್ಚಿನ ವಿವರ ಕೊಟ್ಟಿದ್ದೀರಿ, ಅದರಿಂದ ನನ್ನ ಕೆಲಸ ಅರ್ಧ ಹಗುರಾಯಿತು. ಸಾಮಾನ್ಯವಾಗಿ ಬರುವ ಪತ್ರಗಳಲ್ಲಿ "ರನ್ ಆಗುತ್ತಿಲ್ಲ, ಏನು ಮಾಡಲಿ" ಎಂಬ ಒಂದೇ ಸಾಲು ಇರುತ್ತದೆ.

ನಿಮ್ಮ ತಲೆಯಲ್ಲಿ ಮೂರು ಅನುಮಾನಗಳು ಒಂದಕ್ಕೊಂದು ಹೆಣೆದುಕೊಂಡಿವೆ: ತಂತ್ರಾಂಶ ನಂಬಬಹುದೇ, ಶಕ್ತಿ ಯಾಕೆ ಹೆಚ್ಚಿತು, ಯಂತ್ರ ಸಾಲದೇ. ನಡುವಿನದನ್ನು ಬಿಡಿಸಿದರೆ ಉಳಿದೆರಡು ತಾವಾಗಿ ಬಿಡಿಸಿಕೊಳ್ಳುತ್ತವೆ. ಹಾಗಾಗಿ ಅಲ್ಲಿಂದಲೇ ಹಿಡಿಯೋಣ.

ನಾಲ್ಕೂ ಕಡೆ ಪೀರಿಯಾಡಿಕ್ ಗಡಿ ಎಂದರೆ ಒಂದು ಕಡೆಯಿಂದ ಹೊರಟ ಕಣ ಇನ್ನೊಂದು ಕಡೆಯಿಂದ ಒಳಗೆ ಬರುತ್ತದೆ. ಪೆಟ್ಟಿಗೆಗೆ ಹೊರಗಿನಿಂದ ಏನೂ ಸೇರುವುದಿಲ್ಲ, ಏನೂ ಸೋರುವುದಿಲ್ಲ. ಬೀಮ್ ತನ್ನ ಶಕ್ತಿಯನ್ನು ಪ್ಲಾಸ್ಮಾಕ್ಕೆ ಕೊಡಬಹುದು, ಆದರೆ ಒಟ್ಟು ಮೊತ್ತ ಇದ್ದಷ್ಟೇ ಇರಬೇಕು. ಈಗ ಇದ್ದದ್ದು ಎಷ್ಟು ಎಂದು ನೋಡಿ. ಬೆಳಕಿನ ಹತ್ತನೇ ಒಂದರಷ್ಟು ವೇಗದ ಎಲೆಕ್ಟ್ರಾನ್‌ಗೆ ಸುಮಾರು 2.6 ಕಿಲೋ ಎಲೆಕ್ಟ್ರಾನ್ ವೋಲ್ಟ್ ಚಲನಶಕ್ತಿ. ಬೀಮ್‌ನಲ್ಲಿರುವುದು ನೂರಕ್ಕೆ ಒಂದು. ಅದನ್ನು ಪ್ಲಾಸ್ಮಾದ ಎಲೆಕ್ಟ್ರಾನ್‌ಗಳಿಗೆಲ್ಲ ಪೂರ್ತಿ ಹಂಚಿದರೂ ತಲೆಗೆ ಬರುವುದು 26 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಬೀಮ್ ಎಂದೂ ಪೂರ್ತಿ ಹಂಚುವುದಿಲ್ಲ, ಒಂದು ಪಾಲು ಕೊಟ್ಟು ಉಳಿದದ್ದನ್ನು ತನ್ನಲ್ಲೇ ಇಟ್ಟುಕೊಂಡು ಮುಂದೆ ಹೋಗುತ್ತದೆ. ಹಾಗಿದ್ದೂ ನಿಮ್ಮ ಪ್ಲಾಸ್ಮಾ 20 ಮುಟ್ಟಿದೆ, ಮೇಲಾಗಿ ಒಟ್ಟು ಮೊತ್ತ ಒಂದೂವರೆ ಪಟ್ಟಾಗಿದೆ. ಅಂದರೆ ಆ ಬಿಸಿಯ ದೊಡ್ಡ ಪಾಲು ಬೀಮ್ ಕೊಟ್ಟದ್ದಲ್ಲ. ನೀವು ಅದನ್ನು ಫಲಿತಾಂಶ ಎಂದು ಬರೆಯದೆ ತಡೆದದ್ದು ಒಳ್ಳೆಯದಾಯಿತು. ಶಕ್ತಿಯ ಗ್ರಾಫ್ ಒಮ್ಮೆಯೂ ತೆಗೆದು ನೋಡದೆ ಇಂಥದ್ದನ್ನೇ ಬೈಂಡ್ ಮಾಡಿಸಿ ಸಲ್ಲಿಸಿದ ವರದಿಗಳನ್ನು ನಾನು ಬೇಕಾದಷ್ಟು ಓದಿದ್ದೇನೆ.

ಹಾಗಾದರೆ ಆ ಶಕ್ತಿ ಬಂದದ್ದೆಲ್ಲಿಂದ? ಗ್ರಿಡ್‌ನಿಂದ. ಪ್ಲಾಸ್ಮಾದಲ್ಲಿ ಒಂದು ವಿದ್ಯುದಂಶದ ಪ್ರಭಾವವನ್ನು ಸುತ್ತಲಿನ ಎಲೆಕ್ಟ್ರಾನ್‌ಗಳು ಸ್ವಲ್ಪ ದೂರದಲ್ಲೇ ಮರೆಮಾಡಿಬಿಡುತ್ತವೆ. ಆ ದೂರಕ್ಕೆ ಡಿಬೈ ಉದ್ದ ಎನ್ನುತ್ತೇವೆ, ನಿಮಗೆ ಪಠ್ಯದಲ್ಲಿ ಬಂದೇ ಇರುತ್ತದೆ. ನೀವು ಕೊಟ್ಟ ಸಾಂದ್ರತೆ, ತಾಪಮಾನಕ್ಕೆ ಅದು 7.4 ಮೈಕ್ರಾನ್. 10 ಸೆಂ.ಮೀ.ಯನ್ನು ಸಾವಿರ ಭಾಗ ಮಾಡಿದರೆ ಒಂದು ಕೋಶ 100 ಮೈಕ್ರಾನ್. ಅಂದರೆ ಕೋಶದೊಳಗೆ ಹದಿಮೂರು ಡಿಬೈ ಉದ್ದ ಕೂತಿವೆ. ಕೋಶ ಒಂದು ಡಿಬೈ ಉದ್ದದ ಆಸುಪಾಸಿನಷ್ಟು ಸಣ್ಣದಿರಬೇಕಿತ್ತು. ಎಪಾಕ್ ಮಾದರಿಯ ತಂತ್ರಾಂಶ ಕಣಗಳ ಸ್ಥಾನದಿಂದ ಗ್ರಿಡ್ ಬಿಂದುಗಳ ಮೇಲೆ ಕರೆಂಟ್ ಲೆಕ್ಕ ಹಾಕುತ್ತದೆ, ಅದರಿಂದ ಕ್ಷೇತ್ರ ಬಿಡಿಸುತ್ತದೆ, ಆ ಕ್ಷೇತ್ರದಿಂದ ಕಣಗಳನ್ನು ತಳ್ಳುತ್ತದೆ, ಮತ್ತೆ ಮೊದಲಿಗೆ ಬರುತ್ತದೆ. ಕೋಶಕ್ಕಿಂತ ಸಣ್ಣ ಅಲೆಗಳು ಗ್ರಿಡ್ಡಿಗೆ ಕಾಣಿಸುವುದಿಲ್ಲ. ಕಾಣದಿದ್ದರೂ ಅವು ಇಲ್ಲವಾಗುವುದಿಲ್ಲ, ಉದ್ದದ ಅಲೆಗಳ ವೇಷ ಹಾಕಿಕೊಂಡು ಲೆಕ್ಕದೊಳಗೆ ನುಸುಳುತ್ತವೆ. ಆ ಸುಳ್ಳು ಕ್ಷೇತ್ರ ಕಣಗಳನ್ನು ಪ್ರತಿ ಹೆಜ್ಜೆಯಲ್ಲೂ ಅತ್ತಿತ್ತ ಕುಲುಕುತ್ತದೆ, ಕಣಗಳು ಬಿಸಿಯಾಗುತ್ತವೆ.

ಇದಕ್ಕೆ ಒಂದು ಲಕ್ಷಣವಿದೆ. ಪ್ಲಾಸ್ಮಾ ಬಿಸಿಯಾದಂತೆ ಡಿಬೈ ಉದ್ದವೂ ಹಿಗ್ಗುತ್ತದೆ. ಅದು ಕೋಶದ ಅಳತೆಯ ಹತ್ತಿರ ಬರುತ್ತಿದ್ದಂತೆ ಬಿಸಿಯಾಗುವುದು ನಿಧಾನವಾಗುತ್ತದೆ. ಹಾಗಾಗಿ ಗ್ರಾಫ್ ಮೊದಲು ಸರ್ರನೆ ಏರಿ ಆಮೇಲೆ ಮಟ್ಟಸವಾಗುತ್ತದೆ. ನೋಡಿದವರು "ಆಹಾ, ಅಸ್ಥಿರತೆ ಬೆಳೆದು ಸ್ಯಾಚುರೇಟ್ ಆಯಿತು" ಎಂದುಕೊಳ್ಳುತ್ತಾರೆ. ನಿಮ್ಮ ಕೋಶದ ಅಳತೆಗೆ ಈ ನಿಧಾನಗತಿ ಶುರುವಾಗಬೇಕಾದದ್ದು ಸುಮಾರಾಗಿ ಇಪ್ಪತ್ತರ ಆಸುಪಾಸಿನಲ್ಲೇ. ನಿಮಗೆ 20 ಬಂದದ್ದು ಕಾಕತಾಳೀಯವಲ್ಲ.

ನನ್ನ ಮಾತು ನಂಬಬೇಕಿಲ್ಲ, ನೀವೇ ಪರೀಕ್ಷಿಸಿ. ಇನ್‌ಪುಟ್ ಡೆಕ್‌ನಿಂದ (ರನ್‌ನ ಸೂಚನೆಗಳಿರುವ ಫೈಲ್) ಬೀಮ್‌ನ ಬ್ಲಾಕನ್ನೇ ತೆಗೆದುಹಾಕಿ, ಬರೀ ಪ್ಲಾಸ್ಮಾವನ್ನು ಅದೇ ಗ್ರಿಡ್‌ನಲ್ಲಿ ಓಡಿಸಿ. ಪೂರ್ತಿ ಓಡಿಸುವುದೂ ಬೇಡ, ಒಂದು ರಾತ್ರಿ ಸಾಕು. ಸುಮ್ಮನೆ ಕೂತಿರಬೇಕಾದ ಪ್ಲಾಸ್ಮಾ ತನ್ನಷ್ಟಕ್ಕೆ ಬಿಸಿಯಾದರೆ ಕಳ್ಳ ಸಿಕ್ಕಿಬಿದ್ದ.

ಈಗ ತಂತ್ರಾಂಶದ ವಿಷಯ. ಈ ದೋಷ ಎಪಾಕ್‌ನದ್ದಲ್ಲ. ಈ ಜಾತಿಯ ವಿಧಾನಕ್ಕೇ ಅಂಟಿಕೊಂಡದ್ದು, 1970ರ ದಶಕದಿಂದಲೇ ಗೊತ್ತಿರುವಂಥದ್ದು. ಕಣ ಮತ್ತು ಗ್ರಿಡ್ ಎರಡನ್ನೂ ಬಳಸುವ ಈ ವಿಧಾನಕ್ಕೆ ಪಾರ್ಟಿಕಲ್-ಇನ್-ಸೆಲ್, ಚಿಕ್ಕದಾಗಿ ಪಿಕ್, ಎನ್ನುತ್ತೇವೆ. ಎಪಾಕ್‌ನಲ್ಲಿ ಕ್ಷೇತ್ರವನ್ನು ಇಡುವ ಕ್ರಮ ಕೇನ್ ಯೀ 1966ರಲ್ಲಿ ಪ್ರಕಟಿಸಿದ್ದು, ಕಣ ತಳ್ಳುವ ಕ್ರಮ 1970ರಲ್ಲಿ ಬೋರಿಸ್ ಕೊಟ್ಟದ್ದು. ಫ್ರಾನ್ಸಿನ ಸ್ಮೈಲಿ ತೆರೆದರೂ, ಅಮೆರಿಕದ ವಾರ್ಪ್‌ಎಕ್ಸ್ ತೆರೆದರೂ ಬೇರೆ ಆಯ್ಕೆಗಳ ಜೊತೆ ಇವೇ ಎರಡು ಸಿಗುತ್ತವೆ. ಲಕ್ಷಗಟ್ಟಲೆ ಕೊಟ್ಟು ಲೈಸೆನ್ಸ್ ಕೊಂಡ ಪಿಕ್ ತಂತ್ರಾಂಶಕ್ಕೂ ಇದೇ ವಿಧಾನದಲ್ಲಿ 100 ಮೈಕ್ರಾನ್ ಕೋಶ ಕೊಟ್ಟರೆ ಪ್ಲಾಸ್ಮಾ ಹೀಗೇ ಬಿಸಿಯಾಗುತ್ತದೆ. ಬಿಲ್ ನೋಡಿ ಭೌತಶಾಸ್ತ್ರ ಬದಲಾಗುವುದಿಲ್ಲ.

"ಪುಕ್ಕಟೆ" ಎನ್ನುವುದಕ್ಕೂ ಒಂದು ಮಾತು. ಇವನ್ನು ಯಾರೋ ಬಿಡುವಿನಲ್ಲಿ ಬರೆದು ಹಂಚಿದ್ದಲ್ಲ. ಎಪಾಕ್ ಬ್ರಿಟನ್ನಿನ ವಾರಿಕ್ ವಿಶ್ವವಿದ್ಯಾಲಯದಲ್ಲಿ ಬೆಳೆದದ್ದು. ವಾರ್ಪ್‌ಎಕ್ಸ್ ಅಮೆರಿಕದ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ ಮತ್ತು ಜೊತೆಗಾರರದ್ದು. ಅದನ್ನು ಫ್ರಾಂಟಿಯರ್, ಫುಗಾಕುನಂಥ ಯಂತ್ರಗಳ ಮೇಲೆ ಓಡಿಸಿದ ತಂಡಕ್ಕೆ 2022ರಲ್ಲಿ ಸೂಪರ್‌ಕಂಪ್ಯೂಟಿಂಗ್‌ನ ದೊಡ್ಡ ಗೌರವವಾದ ಗಾರ್ಡನ್ ಬೆಲ್ ಪ್ರಶಸ್ತಿ ಬಂತು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಬೆಳೆದ ಪಿಕಾನ್‌ಜಿಪಿಯು, ಲಾಸ್ ಅಲಾಮೋಸ್‌ನ ವಿಪಿಕ್ ಕೂಡ ಮುಕ್ತವೇ. ಸಂಬಳ ಪಡೆಯುವ ಸಂಶೋಧಕರು ಸರ್ಕಾರದ ದುಡ್ಡಿನಲ್ಲಿ ಬರೆದದ್ದು, ಅಷ್ಟೇ. ಕೋಡ್ ತೆರೆದಿರುವುದರಿಂದ ತಪ್ಪಿದ್ದರೆ ಯಾರಾದರೂ ಹಿಡಿಯಬಹುದು. ನನ್ನ ಅನುಭವದಲ್ಲಿ ಹಿಡಿಯುತ್ತಾರೆ ಕೂಡ, ಸ್ವಲ್ಪ ಖಾರವಾಗಿಯೇ.

ಹಾಗೆಂದು ನಿಮ್ಮ ಸೀನಿಯರ್ ಮಾತಿನಲ್ಲಿ ಹುರುಳೇ ಇಲ್ಲ ಎನ್ನಲಾರೆ. ಇವುಗಳ ಅಪಾಯ ಇರುವುದು ಬೇರೆ ಕಡೆ. ತಪ್ಪು ಗ್ರಿಡ್ ಕೊಟ್ಟರೂ ಇವು ಬಾಯಿ ಮುಚ್ಚಿಕೊಂಡು ಓಡುತ್ತವೆ. ನಿಮ್ಮದು ಒಂದೂವರೆ ದಿನ ಓಡಿತಲ್ಲ, ಹಾಗೆ. ದುಡ್ಡಿಗೆ ಬರುವ ಕೆಲವು ಪ್ಯಾಕೇಜುಗಳಲ್ಲಿ ಕಿಟಕಿ, ಬಟನ್, ಫೋನ್ ಮಾಡಿದರೆ ಉತ್ತರಿಸುವ ಜನ ಇರುತ್ತಾರೆ. ಇಲ್ಲಿ ಕೈಪಿಡಿ ಓದಬೇಕು, ಅರ್ಥವಾಗದಿದ್ದರೆ ಫೋರ್ಟ್ರಾನ್ ಫೈಲನ್ನೇ ತೆರೆಯಬೇಕು. ಆವೃತ್ತಿ ಬದಲಾದಾಗ ಹಳೆಯ ಇನ್‌ಪುಟ್ ಹೊಸದರಲ್ಲಿ ಬೇರೆ ಅರ್ಥ ಕೊಡಬಹುದು. ಆದ್ದರಿಂದ ಯಾವ ಆವೃತ್ತಿ, ಯಾವ ಕಂಪೈಲರ್, ಯಾವ ಕಂಪೈಲ್ ಆಯ್ಕೆ ಎಂಬುದನ್ನು ಇವತ್ತೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎಪಾಕ್‌ನಲ್ಲಿ ಕಣದ ಆಕಾರದಂಥ ಮುಖ್ಯ ಆಯ್ಕೆ ಕಂಪೈಲ್ ಮಾಡುವಾಗಲೇ ನಿರ್ಧಾರವಾಗುತ್ತದೆ, ಇನ್‌ಪುಟ್ ಡೆಕ್ ನೋಡಿದರೆ ಅದು ಗೊತ್ತಾಗುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಪ್ಲಾಸ್ಮಾ ಎಂದಮಾತ್ರಕ್ಕೆ ಎಲ್ಲಕ್ಕೂ ಪಿಕ್ ಅಲ್ಲ. ಆದಿತ್ಯ-ಎಲ್1 ಹಾರಿದ ಮೇಲೆ ಸೂರ್ಯನ ಕರೋನಾವನ್ನು ಸಿಮ್ಯುಲೇಟ್ ಮಾಡುತ್ತೇನೆ ಎಂದು ಬರುವ ವಿದ್ಯಾರ್ಥಿಗಳು ಹೆಚ್ಚಿದ್ದಾರೆ. ಅಲ್ಲಿ ಒಂದೊಂದು ಕಣ ಹಿಂಬಾಲಿಸಲು ಹೋದರೆ ಯಾವ ಯಂತ್ರವೂ ಸಾಲದು. ಪ್ಲಾಸ್ಮಾವನ್ನು ಕಾಂತಕ್ಷೇತ್ರ ಹೊತ್ತ ದ್ರವವೆಂದು ಹಿಡಿಯುವ ಪ್ಲೂಟೊ, ಅಥೀನಾ++ ನಂಥವು ಬೇಕು. ಟೋಕಮಾಕ್‌ನ (ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಯಂತ್ರ) ಅಂಚಿನ ಪ್ರಕ್ಷುಬ್ಧತೆಗೆ ಬೌಟ್++ ಇದೆ. ನಿಮ್ಮ ವಿಷಯ ಬೀಮ್ ಮತ್ತು ಅಲೆಯ ನಡುವಿನ ಕೊಡುಕೊಳ್ಳುವಿಕೆ, ಕಣಗಳ ವೇಗದ ಹಂಚಿಕೆಯೇ ಅಲ್ಲಿ ಜೀವಾಳ. ಪಿಕ್ ಆರಿಸಿಕೊಂಡದ್ದು ಸರಿ.

ಇನ್ನು ಮೂರು ಲಕ್ಷದ ಯಂತ್ರ. "ಕೋಶ ಸಣ್ಣದು ಮಾಡಬೇಕು ಅಂದಿರಿ, ಅದಕ್ಕೇ ದೊಡ್ಡ ಮಿಷನ್ ಬೇಕಲ್ಲ" ಎಂದು ಕೇಳುತ್ತೀರಿ. ಪೆನ್ನು ತೆಗೆದುಕೊಂಡು ಲೆಕ್ಕ ಹಾಕೋಣ. 10 ಸೆಂ.ಮೀ.ಯನ್ನು 7.4 ಮೈಕ್ರಾನ್ ಕೋಶಗಳಾಗಿ ಕತ್ತರಿಸಿದರೆ ಒಂದು ಬದಿಗೆ ಸುಮಾರು 13,500. ಚೌಕಕ್ಕೆ 18 ಕೋಟಿ ಕೋಶ. ಕೋಶಕ್ಕೆ ನೂರು ಕಣವಾದರೆ 1,800 ಕೋಟಿ ಕಣ. ಪ್ರತಿ ಕಣಕ್ಕೆ ಎರಡು ಸ್ಥಾನ, ಮೂರು ಸಂವೇಗ, ಒಂದು ತೂಕ, ಹೀಗೆ ಆರು ಸಂಖ್ಯೆ, 48 ಬೈಟ್. ಬರೀ ಕಣಗಳಿಗೇ 870 ಜಿಬಿ ಹತ್ತಿರ ಮೆಮೊರಿ ಬೇಕು. ನಿಮಗೆ ತೋರಿಸಿದ ಕಾರ್ಡಿನಲ್ಲಿ 16 ಇಲ್ಲವೇ 24 ಜಿಬಿ ಇರುತ್ತದೆ. ಕಾಲದ ಹೆಜ್ಜೆಯೂ ಕೋಶದ ಜೊತೆಗೇ ಕುಗ್ಗಬೇಕು, ಯಾಕೆಂದರೆ ಒಂದು ಹೆಜ್ಜೆಯಲ್ಲಿ ಬೆಳಕು ಕೋಶ ದಾಟಬಾರದು. ಅದು 17 ಫೆಮ್ಟೊಸೆಕೆಂಡಿಗೆ ಇಳಿಯುತ್ತದೆ. ನೂರು ಪ್ಲಾಸ್ಮಾ ಆವರ್ತ (ಎಲೆಕ್ಟ್ರಾನ್‌ಗಳ ನೂರು ತೂಗಾಟ), ಅಂದರೆ 11 ನ್ಯಾನೊಸೆಕೆಂಡ್, ನೋಡಲು ಆರು ಲಕ್ಷ ಹೆಜ್ಜೆ. ನಿಮ್ಮ ಲ್ಯಾಪ್‌ಟಾಪ್ ಸೆಕೆಂಡಿಗೆ ನಾಲ್ಕು ಕೋಟಿ ಕಣ ತಳ್ಳುತ್ತದೆ ಎಂದು ಹಿಡಿದರೆ (ನಿಮ್ಮ ಒಂದೂವರೆ ದಿನದಿಂದ ಬರುವ ಲೆಕ್ಕವೂ ಇಷ್ಟೇ) ಒಂಬತ್ತು ವರ್ಷ ಬೇಕು. ಜಿಪಿಯು ಇಪ್ಪತ್ತೈದು ಪಟ್ಟು ವೇಗವಾದರೂ ನಾಲ್ಕು ತಿಂಗಳ ಮೇಲಾಯಿತು, ಅದೂ ಮೆಮೊರಿಯಲ್ಲಿ ಹಿಡಿಸಿದರೆ ತಾನೇ.

ಇಷ್ಟರ ಮೇಲೆ ಅಂಗಡಿಯವರು ಹೇಳದ ಮಾತೊಂದಿದೆ. ನೀವು ಬಳಸುತ್ತಿರುವ ಎಪಾಕ್ ಸಿಪಿಯು ಕೋರ್‌ಗಳ ಮೇಲೆ ಓಡುವಂಥದ್ದು. ಆ ದುಬಾರಿ ಕಾರ್ಡು ಪೆಟ್ಟಿಗೆಯೊಳಗೆ ಸುಮ್ಮನೆ ಕೂತಿರುತ್ತಿತ್ತು. ಜಿಪಿಯು ಬೇಕೆಂದರೆ ವಾರ್ಪ್‌ಎಕ್ಸ್, ಪಿಕಾನ್‌ಜಿಪಿಯು ಅಥವಾ ಸ್ಮೈಲಿಯ ಹೊಸ ಆವೃತ್ತಿಗೆ ಹೋಗಬೇಕು. ಆಗಲೂ ಗೇಮಿಂಗ್ ಕಾರ್ಡು ಎಂದರೆ ಎಚ್ಚರ: ಇತ್ತೀಚಿನ ಹಲವು ಎನ್‌ವಿಡಿಯಾ ಗೇಮಿಂಗ್ ಕಾರ್ಡುಗಳಲ್ಲಿ ಡಬಲ್ ಪ್ರಿಸಿಶನ್ (ಹೆಚ್ಚು ನಿಖರವಾದ 64 ಬಿಟ್) ಲೆಕ್ಕದ ವೇಗ ಸಿಂಗಲ್‌ನ (32 ಬಿಟ್) 64ನೇ ಒಂದು ಪಾಲು ಮಾತ್ರ. ಜಾಹೀರಾತಿನಲ್ಲಿ ಕಾಣುವ ದೊಡ್ಡ ಅಂಕಿ ಡಬಲ್‌ನದ್ದಲ್ಲ.

ಲೆಕ್ಕ ಇಷ್ಟು ಭಯಂಕರವಾದಾಗ ಅನುಭವಿಗಳು ಯಂತ್ರದ ಕಡೆ ನೋಡುವುದಿಲ್ಲ, ಪೆಟ್ಟಿಗೆಯ ಕಡೆ ನೋಡುತ್ತಾರೆ. 10 ಸೆಂ.ಮೀ. ಯಾಕೆ? ಮೇಜಿನ ಮೇಲಿನ ಪ್ರಯೋಗದ ಅಳತೆ ಅಂತ ತೆಗೆದುಕೊಂಡಿರಬೇಕು. ಆದರೆ ನಿಮ್ಮ ಬೀಮ್ ಎಬ್ಬಿಸುವ ಅಲೆಯ ಉದ್ದ ಬೀಮ್‌ನ ವೇಗ ಮತ್ತು ಪ್ಲಾಸ್ಮಾ ಆವೃತ್ತಿಯಿಂದಲೇ (ಅದರ ಎಲೆಕ್ಟ್ರಾನ್‌ಗಳು ತೂಗಾಡುವ ಗತಿ) ನಿರ್ಧಾರವಾಗುತ್ತದೆ, ನಿಮ್ಮ ಸಂಖ್ಯೆಗಳಿಗೆ ಅದು 3.3 ಮಿ.ಮೀ. 10 ಸೆಂ.ಮೀ.ಯಲ್ಲಿ ಅಂಥ ಮೂವತ್ತು ಅಲೆ. ಪೀರಿಯಾಡಿಕ್ ಪೆಟ್ಟಿಗೆಯಲ್ಲಿ ಮೂರು ಅಲೆ ಇದ್ದರೆ ಮೊದಲ ಅಧ್ಯಯನಕ್ಕೆ ಧಾರಾಳ. 1 ಸೆಂ.ಮೀ. ಸಾಕು.

ಈ ಅಳತೆಯಲ್ಲಿ 1ಡಿ ರನ್ ಮಾಡಿ. 1,350 ಕೋಶ, ಕೋಶಕ್ಕೆ ಇನ್ನೂರಿನ್ನೂರು ಕಣ ಹಾಕಿದರೂ ನಿಮ್ಮ ಲ್ಯಾಪ್‌ಟಾಪಿನಲ್ಲಿ ಎರಡು ಗಂಟೆಯೊಳಗೆ ಮುಗಿಯಬೇಕು. ಬೀಮ್-ಪ್ಲಾಸ್ಮಾ ಅಸ್ಥಿರತೆಯ ಮುಖ್ಯ ಭೌತಶಾಸ್ತ್ರ ಬೀಮ್‌ನ ದಿಕ್ಕಿನಲ್ಲೇ ನಡೆಯುವಂಥದ್ದು, 1ಡಿಯಲ್ಲಿ ಅದೆಲ್ಲ ಕಾಣುತ್ತದೆ.

ಆದರೆ ನೇರವಾಗಿ ನಿಮ್ಮ ಸಮಸ್ಯೆಗೆ ಕೈಹಾಕುವ ಮುಂಚೆ ಉತ್ತರ ಗೊತ್ತಿರುವ ಸಮಸ್ಯೆಯೊಂದನ್ನು ಬಿಡಿಸಿ. ಇದರಲ್ಲಿ ಮಾತ್ರ ನಾನು ಹಠಮಾರಿ. ಎದುರುಬದುರಾಗಿ ಒಂದೇ ವೇಗದಲ್ಲಿ ಹೋಗುವ, ಒಂದೇ ಸಾಂದ್ರತೆಯ ಎರಡು ಎಲೆಕ್ಟ್ರಾನ್ ಧಾರೆಗಳನ್ನು ತೆಗೆದುಕೊಳ್ಳಿ. ಧಾರೆಗಳು ತಣ್ಣಗಿದ್ದರೆ ಅಲೆ ಬೆಳೆಯುವ ಗರಿಷ್ಠ ದರ ಪ್ಲಾಸ್ಮಾದ ಕೋನೀಯ ಆವೃತ್ತಿಯ 0.354 ಪಟ್ಟು ಎಂದು ಕಾಗದದ ಮೇಲೆ ಸಾಧಿಸಬಹುದು. ಇಲ್ಲಿ ಪ್ಲಾಸ್ಮಾ ಆವೃತ್ತಿಗೆ ಎರಡೂ ಧಾರೆಗಳ ಒಟ್ಟು ಸಾಂದ್ರತೆ ಹಿಡಿಯಬೇಕು. ಒಂದೇ ಧಾರೆಯದ್ದು ಹಿಡಿದರೆ ಅದೇ ದರ 0.5 ಪಟ್ಟು ಎಂದು ಕಾಣುತ್ತದೆ, ಪುಸ್ತಕದಿಂದ ಪುಸ್ತಕಕ್ಕೆ ಇದು ಬೇರೆ ಇರುವುದರಿಂದ ನೋಡಿಕೊಳ್ಳಿ. ಸಿಮ್ಯುಲೇಶನ್‌ನಿಂದ ವಿದ್ಯುತ್ ಕ್ಷೇತ್ರದ ಶಕ್ತಿ ತೆಗೆದು ಲಾಗ್ ಗ್ರಾಫ್ ಹಾಕಿದರೆ ನಡುವೆ ಒಂದು ನೇರ ಗೆರೆ ಸಿಗುತ್ತದೆ. ಅದರ ಓರೆ 0.354 ಅಲ್ಲ, 0.707 ಬರಬೇಕು. ಶಕ್ತಿ ಕ್ಷೇತ್ರದ ವರ್ಗ ತಾನೇ, ಹಾಗಾಗಿ ಎರಡು ಪಟ್ಟು. ಪ್ರತಿ ವರ್ಷ ಯಾರಾದರೊಬ್ಬರು ಇಲ್ಲಿ ಎಡವಿ "ತಂತ್ರಾಂಶ ಎರಡು ಪಟ್ಟು ತಪ್ಪು ತೋರಿಸುತ್ತಿದೆ" ಎಂದು ಬರುತ್ತಾರೆ.

ಓರೆ ಕೆಲವೇ ಶೇಕಡಾ ವ್ಯತ್ಯಾಸದಲ್ಲಿ ಹೊಂದಿತೇ, ಒಟ್ಟು ಶಕ್ತಿ ನಿಂತಲ್ಲೇ ನಿಂತಿತೇ ನೋಡಿ. ಆಮೇಲೆ ಕೋಶವನ್ನು ಅರ್ಧ ಮಾಡಿ ಮತ್ತೊಮ್ಮೆ, ಕಣಗಳನ್ನು ನಾಲ್ಕು ಪಟ್ಟು ಮಾಡಿ ಇನ್ನೊಮ್ಮೆ. ಉತ್ತರ ಅಲುಗಾಡದಿದ್ದರೆ ನಿಮ್ಮ ತಂತ್ರಾಂಶ, ನಿಮ್ಮ ಕಂಪೈಲ್, ನಿಮ್ಮ ಇನ್‌ಪುಟ್ ಮೂರೂ ಸರಿ ಇವೆ. ವೈವಾದಲ್ಲಿ "ಈ ಫ್ರೀ ಸಾಫ್ಟ್‌ವೇರ್ ನಂಬುವುದು ಹೇಗೆ" ಎಂದು ಯಾರಾದರೂ ಕೇಳಿದರೆ ಈ ಗ್ರಾಫ್ ಮುಂದಿಡಿ. ಬೆಲೆ ಚೀಟಿ ತೋರಿಸಿ ನಂಬಿಸುವ ವಿಷಯ ಇದಲ್ಲ.

ಕಣಗಳನ್ನು ಯಾಕೆ ಹೆಚ್ಚಿಸಬೇಕು ಎಂಬುದಕ್ಕೆ ನಿಮ್ಮ ತೋಟದಲ್ಲೇ ಉದಾಹರಣೆ ಇದೆ. ಕಾಯಿ ಕಟ್ಟಿದ ಮೇಲೆ ಅಪ್ಪ ಅಲ್ಲೊಂದು ಇಲ್ಲೊಂದು ಗಿಡದ ಕಾಯಿ ನೋಡಿ ಇಡೀ ಬ್ಲಾಕಿನ ಫಸಲು ಇಷ್ಟು ಎಂದು ಅಂದಾಜು ಹಾಕುತ್ತಾರಲ್ಲ, ಪಿಕ್ ಮಾಡುವುದೂ ಅದನ್ನೇ. ನಿಮ್ಮ ಈಗಿನ ರನ್‌ನಲ್ಲಿ ಕಂಪ್ಯೂಟರಿನ ಒಂದೊಂದು ಎಲೆಕ್ಟ್ರಾನ್ 20 ಕೋಟಿ ನಿಜ ಎಲೆಕ್ಟ್ರಾನ್‌ಗಳ ಪರವಾಗಿ ನಿಂತಿದೆ. ಕೋಶಕ್ಕೆ 50 ಇದ್ದರೆ ಸಾಂದ್ರತೆಯ ಅಂದಾಜಿನಲ್ಲಿ ಶೇ. 14ರಷ್ಟು ಏರುಪೇರು ಸಹಜ, ನೀವು ಹುಡುಕುತ್ತಿರುವುದು ಶೇ. 1ರ ಬೀಮ್. ಏರುಪೇರು ಅರ್ಧವಾಗಬೇಕಾದರೆ ಕಣ ನಾಲ್ಕು ಪಟ್ಟಾಗಬೇಕು, ಈ ವ್ಯಾಪಾರ ಯಾವಾಗಲೂ ದುಬಾರಿ. ಬೀಮ್‌ನ ಎಲೆಕ್ಟ್ರಾನ್‌ಗಳನ್ನು ಬೇರೆಯೇ ಸ್ಪೀಶೀಸ್ ಮಾಡಿ, ಅವಕ್ಕೆ ಪ್ಲಾಸ್ಮಾದಷ್ಟೇ ಸಂಖ್ಯೆಯ ಕಣ ಕೊಡಿ. ತೂಕ ಕಡಿಮೆಯಾಗುತ್ತದೆ, ಬೀಮ್ ಸ್ಪಷ್ಟವಾಗಿ ಕಾಣುತ್ತದೆ.

1ಡಿ ಮುಗಿದು ಗೈಡ್ "2ಡಿ ಬೇಕೇ ಬೇಕು" ಎಂದರೆ ಆಗ ದಾರಿಗಳು ಹೀಗಿವೆ.

ಮೊದಲನೆಯದು, ಇರುವ ಲ್ಯಾಪ್‌ಟಾಪಿನಲ್ಲೇ ಓಡಿಸುವುದು. 1 ಸೆಂ.ಮೀ. ಚೌಕಕ್ಕೆ 18 ಲಕ್ಷ ಕೋಶ, 18 ಕೋಟಿ ಕಣ, 9 ಜಿಬಿ ಹತ್ತಿರ ಮೆಮೊರಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಹಿಡಿಸುತ್ತದೆ, ಆದರೆ ಓಡಲು ಒಂದು ತಿಂಗಳು. ಆಷಾಢದಲ್ಲಿ ಅದನ್ನು ಶುರು ಮಾಡಿ ಎಂದು ನಾನಂತೂ ಹೇಳಲಾರೆ.

ಎರಡನೆಯದು, ಲೆಕ್ಕದ ಬಗೆಯನ್ನೇ ಹಗುರ ಮಾಡುವುದು. ವಾರ್ಪ್‌ಎಕ್ಸ್‌ನಲ್ಲಿ ಎಲೆಕ್ಟ್ರೋಸ್ಟಾಟಿಕ್ ಆಯ್ಕೆ ಇದೆ. ಅಲ್ಲಿ ಬೆಳಕಿನ ಅಲೆಯನ್ನು ಹಿಂಬಾಲಿಸುವುದಿಲ್ಲವಾದ್ದರಿಂದ ಕಾಲದ ಹೆಜ್ಜೆ ಏಳೆಂಟು ಪಟ್ಟು ದೊಡ್ಡದಿಡಬಹುದು, ಒಂದು ತಿಂಗಳು ನಾಲ್ಕೈದು ದಿನಕ್ಕೆ ಇಳಿಯುತ್ತದೆ. ಕೋಂಡಾ (ಸಿದ್ಧ ತಂತ್ರಾಂಶ ಹಾಕಿಕೊಡುವ ಸಾಧನ) ಮೂಲಕ ಸಿಗುವುದರಿಂದ ಕಂಪೈಲ್ ಮಾಡುವ ತಲೆನೋವೂ ಕಡಿಮೆ. ಕಳೆದುಕೊಳ್ಳುವುದು ಏನೆಂದರೆ ಕಾಂತಕ್ಷೇತ್ರ. 2ಡಿಯಲ್ಲಿ ಬೀಮ್ ಎಳೆ ಎಳೆಯಾಗಿ ಸೀಳುವ ಅಸ್ಥಿರತೆ ಹುಟ್ಟುವುದೇ ಕಾಂತಕ್ಷೇತ್ರದಿಂದ, ಅದು ನಿಮ್ಮ ಚಿತ್ರದಿಂದ ಮಾಯವಾಗುತ್ತದೆ. ನಿಮ್ಮ ಗೈಡ್ 2ಡಿ ಕೇಳುತ್ತಿರುವುದೇ ಅದಕ್ಕಾಗಿಯಾದರೆ ಈ ದಾರಿ ವ್ಯರ್ಥ. ಮೊದಲು ಕೇಳಿ ತಿಳಿದುಕೊಳ್ಳಿ.

ಮೂರನೆಯದು, ಕಣದ ಆಕಾರವನ್ನು ನುಣುಪು ಮಾಡುವುದು. ಎಪಾಕ್ ಅನ್ನು ಮೂರನೇ ದರ್ಜೆಯ ಬಿ-ಸ್ಪ್ಲೈನ್ ಆಕಾರದೊಂದಿಗೆ ಕಂಪೈಲ್ ಮಾಡಿ, ಕರೆಂಟ್ ಸ್ಮೂಥಿಂಗ್ ಹಾಕಿದರೆ ಸುಳ್ಳು ಬಿಸಿ ಬಹಳ ನಿಧಾನವಾಗುತ್ತದೆ, ಕೋಶ ಡಿಬೈ ಉದ್ದಕ್ಕಿಂತ ಎರಡು ಮೂರು ಪಟ್ಟಿದ್ದರೂ ಸಣ್ಣ ರನ್‌ಗಳಲ್ಲಿ ನಡೆದುಹೋಗುತ್ತದೆ. ಆದರೆ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಬೀಮ್ ಇಲ್ಲದ ರನ್ ಜೊತೆಗಿಟ್ಟು ಹೋಲಿಸದೆ ಇದನ್ನು ಬಳಸಬೇಡಿ. ಹದಿಮೂರು ಪಟ್ಟಿಗಂತೂ ಇದು ಮದ್ದಲ್ಲ.

ನಾಲ್ಕನೆಯದು ನನಗೆ ಹೆಚ್ಚು ಒಪ್ಪಿಗೆಯಾದದ್ದು: ಕ್ಲಸ್ಟರಿನಲ್ಲಿ (ಒಟ್ಟಿಗೆ ಜೋಡಿಸಿದ ಕಂಪ್ಯೂಟರುಗಳ ಗುಂಪು) ಸಮಯ ಕೇಳುವುದು. 2015ರಲ್ಲಿ ಶುರುವಾದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಅಡಿಯಲ್ಲಿ ಸಿ-ಡ್ಯಾಕ್ ದೇಶದ ಹಲವು ಸಂಸ್ಥೆಗಳಲ್ಲಿ ಪರಮ್ ಯಂತ್ರಗಳನ್ನು ಕೂರಿಸಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ 2022ರಲ್ಲಿ ಬಂದ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗ ಅದರಲ್ಲೊಂದು. ಸಾಮಾನ್ಯವಾಗಿ ಅರ್ಜಿ ವಿದ್ಯಾರ್ಥಿಯ ಹೆಸರಿನಲ್ಲಿ ಅಲ್ಲ, ಗೈಡ್ ಹೆಸರಿನಲ್ಲಿ ಹೋಗಬೇಕು. ಎಲ್ಲಿ ಹೊರಗಿನವರಿಗೆ ಅವಕಾಶ, ಶುಲ್ಕ ಎಷ್ಟು ಎಂಬುದನ್ನು ಆಯಾ ಕೇಂದ್ರದಲ್ಲೇ ವಿಚಾರಿಸಬೇಕು. ನಿಮ್ಮ ವಿಶ್ವವಿದ್ಯಾಲಯದಲ್ಲೋ ಮೈಸೂರು, ಸುರತ್ಕಲ್ ಕಡೆಯ ಪರಿಚಿತ ವಿಭಾಗದಲ್ಲೋ ಸಣ್ಣ ಕ್ಲಸ್ಟರ್ ಇದ್ದರೆ ಇನ್ನೂ ಸುಲಭ. ಕೇಳುವಾಗ "ದೊಡ್ಡ ಯಂತ್ರ ಬೇಕು" ಎನ್ನಬೇಡಿ, ಅಂಕಿ ಕೊಡಿ. ನಿಮ್ಮ 2ಡಿ ರನ್ 320 ಕೋರ್‌ಗಳಲ್ಲಿ ಸುಮಾರು 20 ಗಂಟೆ, ಅಂದರೆ 6,400 ಕೋರ್-ಗಂಟೆ. ಪರೀಕ್ಷೆಗೆ, ಕೆಟ್ಟುಹೋಗುವ ರನ್‌ಗಳಿಗೆ ಎಂದು ಸೇರಿಸಿ 20,000 ಕೇಳಿ. ಆ ಯಂತ್ರಗಳಿಗೆ ಇದು ಚಿಲ್ಲರೆ. ಜೊತೆಗೆ 1ಡಿ ಪರೀಕ್ಷೆಯ ಗ್ರಾಫ್ ಲಗತ್ತಿಸಿದರೆ ಅರ್ಜಿ ನೋಡುವವರಿಗೆ ನೀವು ಸಮಯ ಹಾಳುಮಾಡುವವರಲ್ಲ ಎಂದು ತಿಳಿಯುತ್ತದೆ. ಅಪಾಯ ಒಂದೇ: ಒಪ್ಪಿಗೆಗೆ ವಾರಗಳು ಹಿಡಿಯಬಹುದು, ಸಿಕ್ಕ ಮೇಲೂ ಕ್ಯೂ. ಸಬ್‌ಮಿಶನ್‌ಗೆ ಎರಡು ತಿಂಗಳಿಗಿಂತ ಕಡಿಮೆ ಇದ್ದರೆ 2ಡಿ ಕೈಬಿಟ್ಟು 1ಡಿಯನ್ನೇ ಆಳವಾಗಿ ಮಾಡಿ.

ಕ್ಲೌಡ್ ಬಾಡಿಗೆಗೂ ತೆಗೆದುಕೊಳ್ಳಬಹುದು. ಮುಗಿದ ಮೇಲೆ ಯಂತ್ರ ನಿಲ್ಲಿಸಲು ಮರೆತರೆ ಬಿಲ್ ಓಡುತ್ತಲೇ ಇರುತ್ತದೆ, ನೆಟ್‌ವರ್ಕ್ ಹೋದ ತೋಟದ ಮನೆಯಿಂದ ಅದನ್ನು ನಿಲ್ಲಿಸುವುದೂ ಆಗದು. ನಿಮ್ಮ ಪರಿಸ್ಥಿತಿಗೆ ಇದು ಬೇಡ.

ಕರೆಂಟಿನ ವಿಷಯಕ್ಕೆ ಬರುತ್ತೇನೆ. ಮೊದಲಿಂದ ಶುರು ಮಾಡುವ ಶಿಕ್ಷೆ ನಿಮಗೆ ಬೇಕಿರಲಿಲ್ಲ. ಈ ಎಲ್ಲ ತಂತ್ರಾಂಶಗಳಲ್ಲೂ ರನ್‌ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಅಲ್ಲಿಂದಲೇ ಮುಂದುವರಿಸುವ ಸೌಲಭ್ಯ ಇದೆ, ರೀಸ್ಟಾರ್ಟ್ ಡಂಪ್ ಅಥವಾ ಚೆಕ್‌ಪಾಯಿಂಟ್ ಎಂಬ ಹೆಸರಿನಲ್ಲಿ. ಗಂಟೆಗೊಂದು ಸಾಕು. 10 ಕೋಟಿ ಕಣದ ರನ್‌ಗೆ ಒಂದೊಂದು ಡಂಪ್ 5 ಜಿಬಿ ಹತ್ತಿರ ಆಗುತ್ತದೆ, ಕೊನೆಯ ಎರಡನ್ನು ಮಾತ್ರ ಉಳಿಸಿ ಹಳೆಯದನ್ನು ಅಳಿಸುತ್ತಿರಿ. ಎರಡು ಯಾಕೆಂದರೆ, ಡಂಪ್ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಆ ಒಂದು ಕೆಟ್ಟಿರುತ್ತದೆ.

ಎಪಾಕ್‌ನಲ್ಲಿ ಇನ್ನೂ ಒಂದು ಅನುಕೂಲ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಔಟ್‌ಪುಟ್ ಫೋಲ್ಡರಿನೊಳಗೆ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ 'ಸ್ಟಾಪ್' ಎಂಬ ಹೆಸರಿನ ಖಾಲಿ ಫೈಲ್ ಸೃಷ್ಟಿಸಿದರೆ ಅದು ರನ್ ನಿಲ್ಲಿಸುವ ಮುಂಚೆ ಡಂಪ್ ಬರೆದು ಮರ್ಯಾದೆಯಿಂದ ಹೊರಬರುತ್ತದೆ. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದ ಕೂಡಲೇ ಈ ಫೈಲ್ ಇಡುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದುಕೊಂಡರೆ ನೀವು ಮಲಗಿದ್ದರೂ ಕೆಲಸ ಉಳಿಯುತ್ತದೆ. ಕ್ಲಸ್ಟರಿಗೆ ಹೋದ ಮೇಲೆ ಇನ್ನೂ ನಿರಾಳ: ಸ್ಲರ್ಮ್‌ಗೆ (ಕ್ಲಸ್ಟರಿನ ಕೆಲಸಗಳ ಸರತಿ ನೋಡಿಕೊಳ್ಳುವ ತಂತ್ರಾಂಶ) ಜಾಬ್ ಒಪ್ಪಿಸಿದರೆ ನಿಮ್ಮ ಮನೆಯ ನೆಟ್‌ವರ್ಕ್ ನಾಲ್ಕು ದಿನ ಹೋದರೂ ಅದು ಬೆಂಗಳೂರಿನಲ್ಲಿ ತನ್ನ ಪಾಡಿಗೆ ಓಡುತ್ತಿರುತ್ತದೆ. ಫಲಿತಾಂಶ ಪೂರ್ತಿ ಇಳಿಸಿಕೊಳ್ಳಲು ಹೋಗಬೇಡಿ. ಗ್ರಾಫ್ ಅಲ್ಲೇ ಮಾಡಿ, ಚಿತ್ರವನ್ನಷ್ಟೇ ತರಿಸಿಕೊಳ್ಳಿ.

ವರ್ಕ್‌ಸ್ಟೇಷನ್ ಬೇಡ ಎನ್ನಲು ನಮ್ಮ ಹವೆಯೂ ಒಂದು ಕಾರಣ. ಏಪ್ರಿಲ್-ಮೇ ಗುಡುಗಿಗೆ ಸರಿಯಾದ ಅರ್ತಿಂಗ್ ಇಲ್ಲದ ಮನೆಯಲ್ಲಿ ಏನೇನು ಸುಡುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕದ ಥಂಡಿಯಲ್ಲಿ ವಾರಗಟ್ಟಲೆ ಆಫ್ ಆಗಿರುವ ಯಂತ್ರದ ಬೋರ್ಡಿಗೆ ಬೂಷ್ಟು ಹಿಡಿಯುತ್ತದೆ. ಲ್ಯಾಪ್‌ಟಾಪಾದರೆ ಒಲೆಯ ಮೇಲಿನ ಅಟ್ಟದ ಕಡೆಗೋ ಬೆಚ್ಚಗಿನ ಕೋಣೆಗೋ ಎತ್ತಿಡಬಹುದು.

ಅಪ್ಪನ ಪ್ರಶ್ನೆಗೆ: ಬರೀ ಎಂ.ಎಸ್ಸಿ. ಪ್ರಾಜೆಕ್ಟ್ ನೋಡಿ ಕೆಲಸ ಕೊಡುವವರು ಯಾರೂ ಇಲ್ಲ. ಮುಂದೆ ಓದುವುದಾದರೆ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಮೊದಲ ಹೆಸರು, ಆದಿತ್ಯ-ಯು ಮತ್ತು ಎಸ್‌ಎಸ್‌ಟಿ-1 ಟೋಕಮಾಕ್‌ಗಳಿರುವ ಜಾಗ. ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಅಲ್ಲಿ ಬೇಸಿಗೆ ಶಾಲೆ ನಡೆಯುತ್ತದೆ, ಪ್ರಕಟಣೆ ಗಮನಿಸುತ್ತಿರಿ. ಇಂದೋರಿನ ಆರ್‌ಆರ್‌ಕ್ಯಾಟ್, ಮುಂಬೈನ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಗಳಲ್ಲೂ ಲೇಸರ್-ಪ್ಲಾಸ್ಮಾ ಕೆಲಸ ಇದೆ. ಪ್ಲಾಸ್ಮಾ ಬಿಟ್ಟು ಬೇರೆ ಕಡೆ ಹೊರಳಿದರೂ ಎಂಪಿಐ (ಹಲವು ಕೋರ್‌ಗಳ ನಡುವೆ ಮಾಹಿತಿ ರವಾನಿಸುವ ವಿಧಾನ), ಸ್ಲರ್ಮ್, ಸಮಾನಾಂತರ ಪ್ರೋಗ್ರಾಮಿಂಗ್ ಗೊತ್ತಿರುವವರನ್ನು ಹವಾಮಾನ ಲೆಕ್ಕದವರೂ, ಚಿಪ್ ವಿನ್ಯಾಸದವರೂ ಹುಡುಕುತ್ತಿರುತ್ತಾರೆ. ಪಿಎಚ್.ಡಿ. ಸೇರಿದರೆ ಕ್ಲಸ್ಟರ್ ಸಂಸ್ಥೆಯದ್ದೇ ಇರುತ್ತದೆ, ಫೆಲೋಶಿಪ್ ಕೂಡ ಬರುತ್ತದೆ. ಈ ಸಲದ ಮೂರು ಲಕ್ಷ ತೋಟದ ಖರ್ಚಿಗೇ ಇರಲಿ ಎಂದು ಅಪ್ಪನಿಗೆ ಹೇಳಿ.